ಅಕ್ಕನ ಮನೆಯ ಗಿರಣಿ ಎಣ್ಣೆ

ಮೊಳಕಾಲ್ಮೂರಿನ ಸರ್ವಮಂಗಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಜನ ಹೇಳುತ್ತಾರೆ. ಅದು ಸುಳ್ಳು. ಮೂಗಿನ ತುದಿಯಲ್ಲಿ ಕಾದು ಕೂರುವಷ್ಟು ತಾಳ್ಮೆ ಆ ಸಿಟ್ಟಿಗೆ ಯಾವತ್ತೂ ಇರಲಿಲ್ಲ. ಸೀರೆ ಕೊಳ್ಳಲು ಬಂದವರು ಒದ್ದೆ ಕೈಯಲ್ಲಿ ರೇಷ್ಮೆ ಮುಟ್ಟಿದರೆ ಸಿಟ್ಟು, ಗಂಡ ಓಂಕಾರಮೂರ್ತಿ ಅಂಗಡಿಯಿಂದ ತಡವಾಗಿ ಬಂದರೆ ಸಿಟ್ಟು, ಬೇಗ ಬಂದರೆ ವ್ಯಾಪಾರ ಬಿಟ್ಟು ಬಂದನಲ್ಲ ಅಂತ ಸಿಟ್ಟು. ಅರವತ್ತು ದಾಟಿದ ಆ ಹೆಂಗಸು ಸಮಾಧಾನದಿಂದ ಮುಟ್ಟುತ್ತಿದ್ದ ವಸ್ತು ಅಂದರೆ ಒಂದೇ, ಅವಳ ಅಪ್ಪನ ರೆಕಾರ್ಡ್ ಪ್ಲೇಯರ್.

ಚಳ್ಳಕೆರೆ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಮುರುಗೇಂದ್ರಪ್ಪನವರು ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳು ಬೇರೆ ಯಾವುದಕ್ಕೂ ಜಗಳ ಆಡಲಿಲ್ಲ, ಇದಕ್ಕೆ ಮಾತ್ರ ಆಡಿದರು. ಕೊನೆಗೆ ಸರದಿ ನಿಗದಿಯಾಯಿತು. ದೀಪಾವಳಿಯಿಂದ ಯುಗಾದಿಯವರೆಗೆ ಚಳ್ಳಕೆರೆಯಲ್ಲಿ ಅಕ್ಕ ಲಕ್ಷ್ಮೀದೇವಿಯ ಮನೆ. ಯುಗಾದಿಯಿಂದ ದೀಪಾವಳಿಯವರೆಗೆ ಮೊಳಕಾಲ್ಮೂರಿನ ತಂಗಿಯ ಮನೆ.

ಅಕ್ಕ ಸೇರಿದ್ದು ಶೇಂಗಾ ಎಣ್ಣೆ ಗಿರಣಿಯವರ ಮನೆ. ಎಲ್ಲ ತಾಪತ್ರಯವೂ ಅಲ್ಲಿಂದಲೇ ಶುರು. ಆ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ಗಿರಣಿ ಎಣ್ಣೆ, ಫ್ಯಾನು ಸದ್ದು ಮಾಡಿದರೂ ಗಿರಣಿ ಎಣ್ಣೆ, ಮೊಮ್ಮಗನ ಮಂಡಿ ತರಚಿದರೂ ಅದೇ. ಹೊಸ ಶೇಂಗಾ ಬಂದು ಮೊದಲ ಎಣ್ಣೆ ಇಳಿದ ದಿನ ಮನೆಯ ಒಂದೊಂದು ಯಂತ್ರಕ್ಕೂ ಒಂದೊಂದು ಹನಿ ಬಿಡುವುದು ಅತ್ತೆಯ ಕಾಲದ ಪದ್ಧತಿ. ಲಕ್ಷ್ಮೀದೇವಿ ಅದನ್ನು ಭಕ್ತಿಯಿಂದ ನಡೆಸಿಕೊಂಡು ಬಂದಿದ್ದಳು, ರೆಕಾರ್ಡ್ ಪ್ಲೇಯರನ್ನೂ ಬಿಡದೆ.

ಶೇಂಗಾ ಎಣ್ಣೆ ಒಗ್ಗರಣೆಗೆ ಚೆಂದ, ಬೇರಿಂಗಿಗೆ ವಿಷ. ತಿರುಗುವ ತಟ್ಟೆಯ ಕೆಳಗೆ ಒಂದು ಉಕ್ಕಿನ ಕಡ್ಡಿ ಇರುತ್ತದೆ. ಅದು ಬುಷ್ಷು ಅನ್ನುವ ಹಿತ್ತಾಳೆಯ ಕೊಳವೆಯೊಳಗೆ ಇಳಿದು, ತಳದಲ್ಲಿರುವ ಒಂದು ಪುಟ್ಟ ಉಕ್ಕಿನ ಗುಂಡಿನ ಮೇಲೆ ನಿಂತು ತಿರುಗುತ್ತದೆ. ಅಡುಗೆ ಎಣ್ಣೆ ಹಾಕಿದರೆ ನಾಲ್ಕು ತಿಂಗಳಿಗೆ ಅಂಟಾಗುತ್ತದೆ. ಅಂಟಿಗೆ ಧೂಳು ಕೂರುತ್ತದೆ, ಧೂಳು ಬುಷ್ಷನ್ನು ತಿನ್ನುತ್ತದೆ, ಗುಂಡು ಸವೆಯುತ್ತದೆ. ಆಮೇಲೆ ಯಾವ ಹಾಡು ಹಾಕಿದರೂ ಅದರ ಕೆಳಗೆ ಗುರ್ ಅಂತ ಒಂದು ಸದ್ದು ಬಿಡದೆ ಕೇಳುತ್ತಿರುತ್ತದೆ. ಪ್ರತಿ ಯುಗಾದಿಗೂ ಸರ್ವಮಂಗಳಮ್ಮ ತಟ್ಟೆ ಎತ್ತಿ, ಪೆಟ್ರೋಲಿನಲ್ಲಿ ಅಂಟು ತೊಳೆದು, ರೇಷ್ಮೆಯ ಚೂರಿನಿಂದ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಬಿಡುತ್ತಿದ್ದಳು. ದೀಪಾವಳಿಯವರೆಗೆ ಹಾಡು ತಿಳಿಯಾಗಿರುತ್ತಿತ್ತು. ಆಮೇಲೆ ಮತ್ತೆ ಅಕ್ಕನ ಮನೆ, ಮತ್ತೆ ಅದೇ ಎಣ್ಣೆ.

ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಈಚೆಗಂತೂ ಲಕ್ಷ್ಮೀದೇವಿ ಫೋನೇ ಎತ್ತುತ್ತಿರಲಿಲ್ಲ. ಎತ್ತಿದರೂ ಹ್ಞೂಂ, ಹ್ಞೂಂ ಅಂದು ಇಟ್ಟುಬಿಡುತ್ತಿದ್ದಳು. ಗಿರಣಿ ಯಜಮಾನಿಯ ಜಂಬ, ಮತ್ತೇನು! ಹೋದ ಯುಗಾದಿಯಲ್ಲಿ ಬುಷ್ಷಿನೊಳಗೆ ಗೀರು ಬಿದ್ದದ್ದನ್ನು ಕಂಡು ಸರ್ವಮಂಗಳಮ್ಮ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಇನ್ನೊಂದೆರಡು ವರ್ಷ ಹೀಗೇ ಆದರೆ ಅಪ್ಪನ ಪ್ಲೇಯರ್ ಗುಜರಿಗೇ.

ಈ ಯುಗಾದಿಯ ಮರುದಿನ ಚೀಲ ಹೆಗಲಿಗೆ ಹಾಕಿಕೊಂಡು ಗಂಡನಿಗೆ ಹೇಳಿದಳು. "ಇವತ್ತು ತಂದ್ನೆಂದ್ರೆ ಮತ್ತೆ ಆ ಮನೆ ಹೊಸ್ತಿಲು ತುಳಿಸಲ್ಲ ರೀ. ಸರದಿ ಪರದಿ ಎಲ್ಲ ಮುಗೀತು."

ಚೀಲದಲ್ಲಿ ಪೆಟ್ರೋಲಿನ ಪುಟ್ಟ ಬಾಟಲಿ, ರೇಷ್ಮೆ ಚೂರು, ಮೆಷಿನ್ ಎಣ್ಣೆ, ಸೈಕಲ್ ಅಂಗಡಿಯಿಂದ ತಂದ ಹೊಸ ಗುಂಡು ಇದ್ದವು. ಅಕ್ಕನ ಕಣ್ಣೆದುರೇ ಬಿಚ್ಚಿ, ಅವಳು ಮಾಡಿದ ಘನಂದಾರಿ ಕೆಲಸವನ್ನು ತೋರಿಸಿಯೇ ಹೊರಡಬೇಕೆಂದು ಹಟ.

ಅಕ್ಕನ ಮನೆಯ ಬಾಗಿಲಲ್ಲೇ ಜಗಳ ಶುರುವಾಯಿತು. "ಈ ವರ್ಷನೂ ಗಿರಣಿ ಎಣ್ಣೆ ಹಾಕಿದ್ದೀಯಾ?"

"ಹ್ಞೂಂ, ಬಿಸಿಲು ಜಾಸ್ತಿ ಐತೆ. ಒಳಗೆ ಬಾ, ಮಂಗಳಿ," ಅಂದಳು ಲಕ್ಷ್ಮೀದೇವಿ, ನಗುತ್ತ.

ಆ ನಗು ಕಂಡು ತಂಗಿಯ ಮೈಯೆಲ್ಲ ಉರಿಯಿತು. ಸೀದಾ ಹೋಗಿ ತಟ್ಟೆ ಎತ್ತಿದಳು. ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಕಡ್ಡಿಯ ತುಂಬ ಬೆಲ್ಲದ ಪಾಕದಂಥ ಕಂದು ಅಂಟು. ಗುಂಡನ್ನು ಹೊರಗೆ ಉರುಳಿಸಿ ನೋಡಿದರೆ ಒಂದು ಕಡೆ ಚಪ್ಪಟೆಯಾಗಿ ಸವೆದಿತ್ತು.

"ನೋಡು! ಅಪ್ಪ ಮಗು ಥರ ನೋಡ್ಕಂಡಿದ್ದು ಇದು. ನಿಂಗೆ ಹೇಳೋದಂದ್ರೆ ಕಿವುಡನ ಮುಂದೆ ಕಿನ್ನರಿ ಬಾರಿಸ್ದಂಗೆ!"

"ಊಟ ಮಾಡ್ಕಂಡೇ ಹೋಗುವಂತೆ," ಅಂದಳು ಅಕ್ಕ.

ಬೈದರೆ ಊಟಕ್ಕೆ ಕರೆಯುತ್ತಾಳಲ್ಲ, ಎಂಥ ಕೊಬ್ಬು! ಸರ್ವಮಂಗಳಮ್ಮ ಹಲ್ಲು ಕಚ್ಚಿಕೊಂಡು ತೊಳೆದಳು, ಒರೆಸಿದಳು, ಹೊಸ ಗುಂಡು ಇಳಿಸಿ ಎಣ್ಣೆ ಬಿಟ್ಟಳು. ತಟ್ಟೆ ಕೂರಿಸಿ ಅಪ್ಪನ ಇಷ್ಟದ ವಚನದ ರೆಕಾರ್ಡು ಹಾಕಿದಳು. ಗೀರು ಬಿದ್ದ ಬುಷ್ಷು ಇನ್ನೂ ತಡೆದುಕೊಂಡಿತ್ತು. ಗುರ್ ಅನ್ನುವ ಸದ್ದು ಹೋಗಿತ್ತು. ಗಾಯಕನ ದನಿಯೊಂದೇ ಪಡಸಾಲೆಯ ತುಂಬ ಹರಡಿತು.

"ಕೇಳೀಗ! ಹಿಂಗಿರಬೇಕು," ಅಂದಳು.

ಲಕ್ಷ್ಮೀದೇವಿ ಅಪ್ಪ ಕಲಿಸಿದ ಹಾಗೆ ಕಣ್ಣು ಮುಚ್ಚಿ ಕೂತಿದ್ದಳು. ಅಂಗೈ ಪ್ಲೇಯರಿನ ಮರದ ಪೆಟ್ಟಿಗೆಯ ಮೇಲಿತ್ತು. ಹಾಡು ಮೇಲಕ್ಕೇರಿತು. ಅವಳ ಹುಬ್ಬು ಗಂಟಾಯಿತು. ಅಂಗೈಯನ್ನು ಅತ್ತಿತ್ತ ಸರಿಸಿ ನೋಡಿದಳು.

"ಯಾಕೆ ನಿಲ್ಲಿಸ್ದೆ, ಮಂಗಳಿ?" ಅಂದಳು, ಕಣ್ಣು ತೆರೆಯದೆ. "ಇನ್ನೊಂದು ಚೂರು ಇರ್ಲಿ."

ಗೇಲಿ ಮಾಡುತ್ತಿದ್ದಾಳೆ ಅಂದುಕೊಂಡು ಸರ್ವಮಂಗಳಮ್ಮ ಬಾಯಿ ತೆರೆದವಳು, ಮಜ್ಜಿಗೆ ತಂದ ಅಕ್ಕನ ಸೊಸೆ ರಶ್ಮಿತಾ ತಲೆ ತಗ್ಗಿಸಿ ನಿಂತದ್ದನ್ನು ಕಂಡು ತಡೆದಳು.

"ಎರಡು ವರ್ಷ ಆತು, ಚಿಕ್ಕತ್ತೆ. ದುರ್ಗದ ಆಸ್ಪತ್ರ್ಯಾಗೆ ತೋರ್ಸಿದ್ವಿ. ಕಿವಿಗೆ ಮೆಷಿನ್ ಕೊಟ್ರು, ಗುಯ್ಯಿ ಅಂತೈತೆ ಅಂತ ಅತ್ತೆ ತೆಗೆದಿಟ್ರು. ನಿಮಗೊಬ್ರಿಗೆ ಹೇಳಬಾರ್ದು ಅಂತ ನನ್ನ ಹತ್ರ ಆಣೆ ಹಾಕ್ಸ್ಕಂಡಿದ್ರು."

ಕಣ್ಣು ತೆರೆದ ಲಕ್ಷ್ಮೀದೇವಿಗೆ ಇಬ್ಬರ ಮುಖ ನೋಡಿಯೇ ಗೊತ್ತಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೇಳಿದ್ರೆ ಏನ್ಮಾಡ್ತಿದ್ದೆ ನೀನು? ಕಿವಿ ಕೇಳದೋಳಿಗೆ ಹಾಡಿನ ಪೆಟ್ಟಿಗೆ ಯಾಕೆ ಅಂತ ಎತ್ಕಂಡು ಹೋಗ್ತಿದ್ದೆ. ಕೈ ಇಟ್ರೆ ಗುರ್ ಅಂತಿತ್ತು. ಅಪ್ಪನ ಪೆಟ್ಟಿಗೆ ಹಾಡ್ತೈತೆ ಅಂತ ಅಷ್ಟಾದ್ರೂ ಗೊತ್ತಾಗ್ತಿತ್ತು. ಈಗ ಅದೂ ಇಲ್ಲ."

ಅಕ್ಕ ಹೇಳಿದ್ದು ನಿಜ. ಎತ್ತಿಕೊಂಡು ಹೋಗಲೆಂದೇ ಸರ್ವಮಂಗಳಮ್ಮ ಬಂದಿದ್ದಳು. ಅದು ನಿಜ ಅನ್ನುವುದಕ್ಕೇ ಸಿಟ್ಟು ಇಮ್ಮಡಿಯಾಯಿತು. ಅಕ್ಕನ ಮೇಲೆ, ಬಾಯಿ ಬಿಡದ ಸೊಸೆಯ ಮೇಲೆ, ಕಿನ್ನರಿಯ ಗಾದೆ ಆಡಿದ ತನ್ನ ನಾಲಿಗೆಯ ಮೇಲೆ.

"ಕಿವಿ ಹೋದ್ರೆ ಹೋತು, ಬಾಯಿ ಇರ್ಲಿಲ್ಲೇನು ನಿಂಗೆ?" ಅಂತ ಓಣಿಗೆಲ್ಲ ಕೇಳುವಂತೆ ಕಿರುಚಿದಳು. "ಸವೆದ ಗುಂಡಿನ ಸದ್ದು ಹಿಡ್ಕಂಡು ಕೂತಿದ್ದೀಯಲ್ಲ, ಅದು ಹಾಡಲ್ಲ! ಹಾಡು ಇಲ್ಲೈತೆ, ಇಲ್ಲಿ!"

ಅಕ್ಕನ ಮುಂಗೈ ಹಿಡಿದು ದರದರ ಎಳೆದು, ಸ್ಪೀಕರ್ ಪೆಟ್ಟಿಗೆಯ ಬಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಸೌಂಡಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಗೋಡೆಯ ಮೇಲಿನ ಕ್ಯಾಲೆಂಡರ್ ಅದುರಿತು. ಲಕ್ಷ್ಮೀದೇವಿ ಮೊದಲು ಬೆಚ್ಚಿ ಕೈ ಎಳೆದುಕೊಂಡಳು, ಆಮೇಲೆ ತಾನೇ ಇಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ತಾಳ ಸರಿಯಾಗೇ ಬೀಳುತ್ತಿತ್ತು.

ಸಂಜೆ ಸರ್ವಮಂಗಳಮ್ಮ ಬಸ್ಸಿಳಿದು ಬಂದಾಗ ಕೈಯಲ್ಲಿ ಪ್ಲೇಯರ್ ಇರಲಿಲ್ಲ, ಐದು ಲೀಟರಿನ ಎಣ್ಣೆ ಕ್ಯಾನ್ ಇತ್ತು.

"ಪ್ಲೇಯರ್ ಎಲ್ಲೇ?" ಅಂತ ಓಂಕಾರಮೂರ್ತಿ ಕೇಳಿದ.

"ಅಲ್ಲೇ ಐತೆ. ಇನ್ಮೇಲೆ ಅಲ್ಲೇ ಇರ್ತೈತೆ. ಹಬ್ಬಕ್ಕೊಂದು ಸಲ ನಾನೇ ಹೋಗಿ ಬಿಚ್ಚಿ ಒರೆಸಿ ಬರ್ತೀನಿ. ಆ ಮನ್ಯಾಗೆ ಇದ್ದ ಎಣ್ಣೇನೆಲ್ಲ ಹೊತ್ಕಂಡು ಬಂದೀನಿ."

"ಮತ್ತೆ ಬೈದು ಎತ್ಕಂಡು ಬರ್ತೀನಿ ಅಂತ ಹೋಗಿದ್ಯಲ್ಲ?"

"ಬೈದೆ ರೀ. ಹೊಟ್ಟೆ ತುಂಬ ಬೈದೆ." ಕ್ಯಾನನ್ನು ಒಲೆಯ ಪಕ್ಕ ಕುಕ್ಕಿದಳು. "ಒಂದೂ ಕೇಳಿಸ್ಲಿಲ್ಲ ಅವಳಿಗೆ."