ಟರ್ಬೋ ಕಾರಿಗೆ ಕೊಟ್ಟ ರವಿಕೆ ಕಣ

ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಎನ್ನುವಾಗ ನಮ್ಮ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕು ಹೊರಗೆ ಬರುತ್ತದೆ. ಅದರ ತುಂಬ ರವಿಕೆ ಕಣಗಳು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಇಲ್ಲ ಎನ್ನಬೇಡಿ. ಯಾರದೋ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಬಂದವು. ಹೊಲಿಸಲು ಹೋದರೆ ತೋಳಿಗೆ ಸಾಲವು, ನೆನೆಸಿದರೆ ಬಣ್ಣ ಬಿಡುವುವು. ನಾವು ಅವನ್ನು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ನಾನು ಗಾಂಧಿ ಬಜಾರಿನ ಗೆಳತಿಗೆ ಕೊಟ್ಟಿದ್ದ ನೇರಳೆ ಕಣ ಮೂರು ವರ್ಷದ ಮೇಲೆ ಮಲ್ಲೇಶ್ವರದಿಂದ ನನಗೇ ವಾಪಸು ಬಂದಿತ್ತು, ಮೂಲೆಯಲ್ಲಿದ್ದ ಪೆನ್ನಿನ ಕಲೆಯ ಸಮೇತ.

ಈ ಸಲ ಟ್ರಂಕು ಖಾಲಿ ಮಾಡಲು ಸೊಸೆ ಚೈತ್ರ ಜೊತೆಗೆ ಕೂತಿದ್ದಳು. ಕಿಟಕಿಯಾಚೆ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಬೂದು ಬೆಕ್ಕು ಬಿಸಿಲು ಕಾಯಿಸುತ್ತಿತ್ತು. ನನ್ನ ತಾಯಿ ಕೊಟ್ಟಿದ್ದ ಉಪ್ಪಿನಕಾಯಿ ಭರಣಿಯನ್ನು ಹೋದ ವರ್ಷ ಅಡುಗೆಮನೆ ಕಟ್ಟೆಯಿಂದ ಬೀಳಿಸಿ ಚೂರು ಮಾಡಿದ ಮಹಾತ್ಮ ಅದೇ. ಅಂದಿನಿಂದ ಅದಕ್ಕೆ ನಮ್ಮ ಮನೆಯ ಹಾಲು ಬಂದ್. ಕಂಡಾಗಲೆಲ್ಲ ಒಂದು ಸಲ ಬೈಯದಿದ್ದರೆ ನನಗೆ ಸಮಾಧಾನವೂ ಇಲ್ಲ. ಬೈದು ಈಚೆ ತಿರುಗುವಷ್ಟರಲ್ಲಿ ಚೈತ್ರ ಟ್ರಂಕಿನ ತಳದಿಂದ ಗಿಣಿಹಸಿರು ಬಣ್ಣದ ಎರಡು ತುಂಡು ತೆಗೆದಿದ್ದಳು. ಒಂದು ಅಚ್ಚುಕಟ್ಟಾಗಿತ್ತು. ಇನ್ನೊಂದರ ತುಂಬ ಕಪ್ಪು ಕಲೆ, ಮೂಗಿಗೆ ಹಿಡಿದರೆ ಇಂಜಿನ್ ಆಯಿಲಿನ ವಾಸನೆ.

"ಇದನ್ನ ಒರೆಸೋ ಬಟ್ಟೆಗೆ ಹಾಕ್ಲಾ ಅತ್ತೆ?" ಎಂದಳು. ಅವಳ ಕೈಯಿಂದ ಕಿತ್ತುಕೊಂಡೇಬಿಟ್ಟೆ. ಪಾಪ, ಹುಡುಗಿ ಗಾಬರಿಯಾದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಮಾವನವರಿಗೆ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ. ಮನೆ ಆಗಲೂ ಇದೇ, ಎನ್.ಆರ್. ಕಾಲೋನಿಯದು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಮಾವ ಕಾರ್ಡಿನ ಕಟ್ಟು ಸಾಗಿಸಲೆಂದು ಹಳೆಯದೊಂದು ಡೀಸೆಲ್ ಕಾರು ಕೊಂಡರು. ಅದಕ್ಕೆ ಟರ್ಬೋ ಇತ್ತು. ಟರ್ಬೋ ಎಂದರೇನೆಂದು ಮಾವನಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಲಗ್ನಪತ್ರಿಕೆ ಮಾಡಿಸಲು ಬಂದವರಿಗೆಲ್ಲ "ಟರ್ಬೋ ಇದೆ ಕಣ್ರೀ" ಎಂದು ಹೇಳದೆ ಕಳಿಸುತ್ತಿರಲಿಲ್ಲ.

ಕಾರು ನೋಡಿಕೊಳ್ಳುತ್ತಿದ್ದವನು ಮುನಿರಾಜು. ಅವನ ಅಣ್ಣಂದಿರಿಗೆ ಗಾಂಧಿ ಬಜಾರಿನಲ್ಲಿ ತರಕಾರಿ ವ್ಯಾಪಾರ. ಇವನೊಬ್ಬ ತಕ್ಕಡಿ ಬಿಟ್ಟು ಸ್ಪಾನರ್ ಹಿಡಿದು ಚಾಮರಾಜಪೇಟೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ. ಒಂದು ದಿನ ಮನೆಯಂಗಳದಲ್ಲೇ ಬಾನೆಟ್ ಎತ್ತಿ ರಬ್ಬರ್ ಪೈಪೊಂದನ್ನು ಬಿಚ್ಚಿ ತೋರಿಸಿದ. ಒಳಗೆಲ್ಲ ಎಣ್ಣೆ ಜಿಡ್ಡು.

"ಇದು ಬ್ರೀದರ್ ಪೈಪು ಯಜಮಾನ್ರೇ. ಇಂಜಿನ್ ಉಸಿರು ಬಿಡೋದೇ ಇದ್ರಲ್ಲಿ. ಒಳಗಡೆ ಉರಿಯೋ ಹೊಗೆ ಒಂಚೂರು ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುತ್ತೆ, ಆಯಿಲ್ ಇರೋ ಕಡೆಗೆ. ಅದು ಆಚೆ ಹೋಗ್ಬೇಕು. ಟರ್ಬೋ ಗಾಡೀಲಿ ಇನ್ನೂ ಜಾಸ್ತಿ. ಆ ಹೊಗೆ ಜೊತೆ ಆಯಿಲ್ ಹೋಗಿ ಟರ್ಬೋನೆಲ್ಲ ಗಲೀಜು ಮಾಡ್ತಿದೆ."

ಅವನು ಕಂಡುಕೊಂಡ ಉಪಾಯ ಸುಲಭದ್ದು. ಆ ಪೈಪನ್ನು ಟರ್ಬೋದಿಂದ ತಪ್ಪಿಸಿ ಒಂದು ಬಾಟಲಿಗೆ ಬಿಟ್ಟ. ಎಣ್ಣೆ ಬಾಟಲಿಯಲ್ಲಿ ಇಳಿಯುತ್ತದೆ, ಹೊಗೆ ಇನ್ನೊಂದು ಸಣ್ಣ ಪೈಪಿನಲ್ಲಿ ಕಾರಿನ ಕೆಳಗೆ ಹೊರಗೆ ಹೋಗುತ್ತದೆ. "ತಿಂಗಳಿಗೊಂದ್ಸಲ ಬಾಟ್ಲಿ ಖಾಲಿ ಮಾಡ್ಬೇಕು, ಮರೀಬೇಡಿ," ಎಂದ. ಮಾವ ತಲೆಯಾಡಿಸಿದರು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ನನ್ನ ಕಿವಿಯೊಳಗೆ ಇಳಿದಿರಲಿಲ್ಲ.

ನಮ್ಮ ಅಂಗಳ ಎಂದರೆ ಅಂಗೈ ಅಗಲ. ಕಾರು ನಿಲ್ಲಿಸಿದರೆ ಅದರ ಮೂತಿ ಮೆಟ್ಟಿಲ ಹತ್ತಿರಕ್ಕೇ ಬರುತ್ತಿತ್ತು. ನಾನು ರಂಗೋಲಿ ಹಾಕುವ ಜಾಗವೂ ಅದೇ. ಕೆಲವು ತಿಂಗಳು ಕಳೆದ ಮೇಲೆ ರಂಗೋಲಿಯ ನಟ್ಟನಡುವೆ ದಿನಾ ಒಂದೊಂದು ಕಪ್ಪು ಹನಿ ಬೀಳತೊಡಗಿತು. ಹದಿನೈದು ಚುಕ್ಕಿ ಇಟ್ಟು, ಸೊಂಟ ನೋಯಿಸಿಕೊಂಡು ಎಳೆ ಸುತ್ತಿ, ಎದ್ದು ನಿಂತು ನೋಡಿದರೆ ತೊಟ್ ಅಂತ ಒಂದು ಹನಿ. ನಮ್ಮತ್ತೆ ದಿನಾ ನೋಡುವರು, ದಿನಾ ಅನ್ನುವರು: "ರಂಗೋಲಿ ಮೇಲೆ ಎಣ್ಣೆ ಬಿದ್ರೆ ಮನೆಗೆ ಒಳ್ಳೇದಲ್ಲಮ್ಮ. ಒಂಚೂರು ನಿಗಾ ಇಟ್ಟು ಹಾಕ್ಬಾರ್ದಾ?" ಹನಿ ಕಾರಿನದು, ಬೈಗುಳ ನನ್ನದು. ಮೈ ಉರಿದುಹೋಗುತ್ತಿತ್ತು. ನನ್ನ ಗಂಡನಿಗೆ ಹೇಳಿದರೆ ಅವರು ಪೇಪರಿನ ಹಿಂದಿನಿಂದ "ಹೂಂ" ಎಂದರು.

ಒಂದು ಬೆಳಿಗ್ಗೆ ಸಿಟ್ಟಿನಲ್ಲಿ ಒಳಗೆ ಹೋದೆ. ಕೈಗೆ ಸಿಕ್ಕಿದ ಗಿಣಿಹಸಿರು ರವಿಕೆ ಕಣವನ್ನು ಎರಡು ತುಂಡು ಮಾಡಿ, ಒಂದನ್ನು ಬಿಗಿಯಾಗಿ ಸುರುಳಿ ಸುತ್ತಿ, ಅಂಗಳಕ್ಕೆ ಬಂದು ಬಗ್ಗಿ, ಕಾರಿನ ಕೆಳಗೆ ಹನಿ ಬೀಳಿಸುತ್ತಿದ್ದ ಆ ಸಣ್ಣ ಪೈಪಿನ ಬಾಯಿಗೆ ತುರುಕಿದೆ. ಸಾಲದ್ದಕ್ಕೆ ಮೇಲೊಂದು ದಾರವನ್ನೂ ಬಿಗಿದೆ. ದಿನಕ್ಕೆ ಎರಡು ಸಲ ಕುಕ್ಕರ್ ಇಡುವವಳು ನಾನು. ವಿಷಲ್ ಮೇಲೆ ಯಾರಾದರೂ ಬಟ್ಟೆ ಕಟ್ಟುತ್ತಾರೆಯೇ? ಕಟ್ಟಿದೆನಲ್ಲ! ಎರಡು ದಿನ ರಂಗೋಲಿ ಬೆಳ್ಳಗೆ ಹೊಳೆಯಿತು. ನಮ್ಮತ್ತೆ "ಈಗ ನೋಡು, ಎಷ್ಟು ಲಕ್ಷಣವಾಗಿದೆ" ಎಂದರು. ನಾನು ಬೀಗಿದೆ.

ಮೂರನೇ ದಿನ ಚಾಮರಾಜಪೇಟೆಯ ನಡುರಸ್ತೆಯಲ್ಲಿ ಕಾರಿನಿಂದ ಬೀದಿ ಮುಚ್ಚುವಷ್ಟು ನೀಲಿ ಹೊಗೆ ಎದ್ದಿತಂತೆ. ಆಯಿಲ್ ನೋಡುವ ಕಡ್ಡಿ ತಾನಾಗಿ ಮೇಲೆದ್ದು ಬಾನೆಟ್ ಒಳಗೆಲ್ಲ ಎಣ್ಣೆ ಚಿಮ್ಮಿತ್ತು. ಜನ ನಿಂತು ನೋಡಿದರು, ಪರಿಚಯದವರು ನಕ್ಕರು. ಟರ್ಬೋ ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಮಾವ ಆಟೋ ಹಿಡಿದು ಮನೆಗೆ ಬಂದರು. ಕಾರನ್ನು ಮುನಿರಾಜುವಿನ ಶೆಡ್ಡಿಗೆ ತಳ್ಳಿಸಿದ್ದರು.

ನನಗೆ ಆಗ ತಟ್ಟನೆ ಹೊಳೆಯಿತು. ಇದು ನನ್ನ ಬಟ್ಟೆ ಸುರುಳಿಯದೇ ಕೆಲಸ. ಹೇಳಬೇಕು ಎಂದುಕೊಂಡೆ. ಮಾವನ ಮುಖ ನೋಡಿ ನಾಳೆ ಎಂದುಕೊಂಡೆ.

ಎರಡು ದಿನದ ಮೇಲೆ ಮುನಿರಾಜು ಕಾರು ಸರಿಮಾಡಿ ತಂದ. ಮಾವ ಅಂಗಳದಲ್ಲೇ ಕಾದಿದ್ದರು.

"ಕಂಪನಿಯೋರು ಕೊಟ್ಟ ಪೈಪು ಬಿಚ್ಚಿ ಬಾಟ್ಲಿ ಕಟ್ಟೋಕೆ ನೀನೇನು ದೊಡ್ಡ ಇಂಜಿನಿಯರಾ? ನನ್ನ ಮರ್ಯಾದೆ ಬೀದೀಲಿ ಕಳೆದ್ಯಲ್ಲೋ!"

ಮುನಿರಾಜು ಒಂದು ಸಲ, ಒಂದೇ ಸಲ, ಬಾಗಿಲಲ್ಲಿದ್ದ ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿಕೊಂಡು ಹೇಳಿದ: "ನಂದೇ ತಪ್ಪು ಯಜಮಾನ್ರೇ. ಪೈಪು ಮಡಚ್ಕೊಂಡಿತ್ತು, ಗಾಡಿಗೆ ಉಸಿರು ಕಟ್ಬಿಡ್ತು. ಮೊದ್ಲಿದ್ದಂಗೇ ಕೂರ್ಸಿದೀನಿ."

"ಇನ್ಮೇಲೆ ನನ್ನ ಗಾಡಿ ಮುಟ್ಬೇಡ," ಎಂದರು ಮಾವ.

ಹೋಗುವಾಗ ಅವನು ನಮ್ಮತ್ತೆಗೆ ಕೈ ಮುಗಿದ, ನನಗೂ ಮುಗಿದ. ನಾನು ಬಾಯಿ ಬಿಡಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸುಲ್ತಾನ್‌ಪೇಟೆಯಲ್ಲಿ ಮಾವನ ಮಾತಿಗೆ ಬೆಲೆ ಇತ್ತು. ಅವರು ಬಿಟ್ಟ ಮೇಲೆ ಅಕ್ಕಪಕ್ಕದ ಅಂಗಡಿಯವರೂ ತಮ್ಮ ಕಾರು, ವ್ಯಾನುಗಳನ್ನು ಬೇರೆ ಶೆಡ್ಡಿಗೆ ಬಿಡತೊಡಗಿದರು. ನಾನು ಗಾಂಧಿ ಬಜಾರಿಗೆ ತರಕಾರಿಗೆ ಹೋದಾಗ ಮುನಿರಾಜು ಒಮ್ಮೊಮ್ಮೆ ಅಣ್ಣನ ಅಂಗಡಿಯಲ್ಲಿ ಕೂತಿರುತ್ತಿದ್ದ, ಹಾಡುಹಗಲಲ್ಲಿ, ಕೆಲಸವಿಲ್ಲದೆ. "ಚೆನ್ನಾಗಿದೀರಾ ಅಕ್ಕಾ?" ಎಂದು ಎಳೆ ಹುರುಳಿಕಾಯಿ ಆರಿಸಿ ಕೊಡುತ್ತಿದ್ದ. ನಾನು ದುಡ್ಡು ಕೊಟ್ಟು ತಲೆ ಎತ್ತದೆ ಬರುತ್ತಿದ್ದೆ. ಕೊನೆಗೆ ಬೇರೆ ಅಂಗಡಿ ಹಿಡಿದೆ. ಹೀಗೆ ಒಂದಲ್ಲ, ಎರಡಲ್ಲ, ನಾಲ್ಕು ವರ್ಷ.

ನಾಲ್ಕನೇ ವರ್ಷ ಒಂದು ಭಾನುವಾರ ಮುನಿರಾಜು ಮನೆಗೇ ಬಂದ. ಗರಿಗರಿ ಬಿಳಿ ಶರ್ಟು, ಕೈಯಲ್ಲಿ ಹಣ್ಣಿನ ತಟ್ಟೆ. ಮಗಳ ಮದುವೆ. ಮಾವ ಕೂತಲ್ಲಿಂದ ಏಳಲಿಲ್ಲ. ಕಾರ್ಡನ್ನು ಟೀಪಾಯಿ ಮೇಲೆ ಇಡುವಂತೆ ಕಣ್ಣಲ್ಲೇ ತೋರಿಸಿದರು. ಅವನು ಇಟ್ಟು, "ಎಲ್ರೂ ಬರ್ಬೇಕು ಯಜಮಾನ್ರೇ," ಎಂದ. ಮಾವ "ನೋಡೋಣ" ಎಂದರು. ಆ "ನೋಡೋಣ" ಕೇಳಿ ನನ್ನಿಂದ ತಡೆಯಲಾಗಲಿಲ್ಲ.

"ಮಾವ, ಆ ಪೈಪಿಗೆ ಬಟ್ಟೆ ತುರುಕಿದ್ದು ನಾನು."

"ಯಾವ ಪೈಪು?"

"ಕಾರಿಂದು. ರಂಗೋಲಿ ಮೇಲೆ ಎಣ್ಣೆ ಬೀಳ್ತಿತ್ತು ಅಂತ. ಮುನಿರಾಜು ಏನೂ ತಪ್ಪು ಮಾಡಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತ್ತು.

ಮಾವ ನನ್ನನ್ನು ನೋಡಿದರು, ಅವನನ್ನು ನೋಡಿದರು. "ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತು ಯಜಮಾನ್ರೇ. ಬಟ್ಟೆ ನನ್ ಕೈಗೇ ಸಿಕ್ತಲ್ಲ."

"ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಅಕ್ಕ ಆಗ ಹೊಸ್ದಾಗಿ ಬಂದಿದ್ರು. ದಿನಾ ಈ ಮನೇಲಿ ಇರ್ಬೇಕಾದೋರು ಅವ್ರು. ನಾನು ಯಾವಾಗ್ಲೋ ಬಂದು ಹೋಗೋನು."

ಆಮೇಲೆ ಮಾವ, ಯಾರೂ ಕೇಳದೆಯೇ, ಗೋಡೆಗೆ ಹೇಳುವಂತೆ ಹೇಳಿದರು: "ಬಾಟ್ಲಿ ತಿಂಗಳಿಗೊಂದ್ಸಲ ಖಾಲಿ ಮಾಡಿ ಅಂದಿದ್ದ ಇವ್ನು. ನಾನು ಒಂದ್ಸಲಾನೂ ಮಾಡ್ಲಿಲ್ಲ. ಅದಕ್ಕೇ ತುಂಬಿ ಚೆಲ್ತಿತ್ತು."

ಅಯ್ಯೋ ಶಿವನೇ! ನಾಲ್ಕು ವರ್ಷ ನಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದೆ.

ಮಾವ ಕನ್ನಡಕ ಹಾಕಿಕೊಂಡು ಕಾರ್ಡು ಎತ್ತಿಕೊಂಡರು. ತಿರುಗಿಸಿ, ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಮುಖ ಕೆಂಪಾಯಿತು. "ಇದನ್ನ ಎಲ್ಲಿ ಮಾಡಿಸ್ದೆ? ಸುಲ್ತಾನ್‌ಪೇಟೇಲಿ ನಾನು ಬದುಕಿಲ್ವಾ? ಅಕ್ಷರ ನೋಡು, ಇರುವೆ ಹರಿದಂಗಿದೆ. ನಾಳೆ ಅಂಗಡಿಗೆ ಬಾ, ಹೊಸದು ಹಾಕ್ಸೋಣ."

"ಆಗ್ಲೇ ಅರ್ಧ ಊರಿಗೆ ಹಂಚಿದೀನಿ ಯಜಮಾನ್ರೇ."

"ಹಂಚಿದ್ರೆ ಇನ್ನೊಂದ್ಸಲ ಹಂಚು."

ಹಾಗಾಗಿ ಆ ಮದುವೆಗೆ ಅರ್ಧ ಊರಿನವರಿಗೆ ಎರಡೆರಡು ಕರೆಯೋಲೆ ಹೋಯಿತು. ಹುಡುಗನ ಕಡೆಯವರು ಮುಹೂರ್ತವೇನಾದರೂ ಬದಲಾಯಿತೇ ಎಂದು ಗಾಬರಿಯಿಂದ ಫೋನು ಮಾಡಿದ್ದರಂತೆ. ಮಾವ ಆ ಕಾರನ್ನೇ ಹೂವಿನಲ್ಲಿ ಸಿಂಗರಿಸಿ ಮದುಮಗಳಿಗೆ ಕಳಿಸಿದರು. ಮಾರನೇ ವಾರದಿಂದ ಅದು ಮತ್ತೆ ಮುನಿರಾಜುವಿನ ಶೆಡ್ಡಿನಲ್ಲಿತ್ತು; ಅದರ ಹಿಂದೆಯೇ ಸುಲ್ತಾನ್‌ಪೇಟೆಯ ವ್ಯಾನುಗಳೂ ಬಂದವು. ಬಾಟಲಿಯೂ ವಾಪಸು ಬಂತು. ತಿಂಗಳಿಗೊಮ್ಮೆ ಅದನ್ನು ಖಾಲಿ ಮಾಡುವ ಕೆಲಸ ನಾನು ವಹಿಸಿಕೊಂಡೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಭಾನುವಾರದ್ದೇ ಇನ್ನೊಂದು ಮಾತು. ಮುನಿರಾಜು ಹೊರಟಾಗ ನಾನು ಗೇಟಿನವರೆಗೆ ಹೋದೆ. ಅವನು ಸ್ಕೂಟರಿನ ಡಿಕ್ಕಿ ತೆಗೆದು, ಸ್ಪಾನರುಗಳ ಕೆಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ಎಳೆದ. ಒಳಗೆ ನನ್ನ ಗಿಣಿಹಸಿರು ತುಂಡು, ಒಗೆದು ಮಡಿಸಿದ್ದು. ಕಲೆ ಮಾತ್ರ ಹೋಗಿರಲಿಲ್ಲ. ನಾಲ್ಕು ವರ್ಷ ಸಾಕ್ಷಿ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದ್ದಾನೆ! ಯಾವತ್ತು ಬೇಕಾದರೂ ಮಾವನ ಮುಂದೆ ಹಿಡಿಯಬಹುದಿತ್ತು.

"ಇದನ್ನ ಯಾಕೆ ಇಟ್ಕೊಂಡಿದ್ರಿ?" ಎಂದೆ.

"ನೀವು ಒಂದಿನ ಹೇಳೇ ಹೇಳ್ತೀರ ಅಂತ ಗೊತ್ತಿತ್ತು ಅಕ್ಕಾ. ಹೇಳಿದ್ ದಿನ ವಾಪಸ್ ಕೊಡೋಣ ಅಂತ."

ಇಷ್ಟು ಹೇಳಿ ಮುಗಿಸಿದಾಗ ಚೈತ್ರ ತಲೆ ತಗ್ಗಿಸಿ ನೇರಳೆ ಕಣದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ನನ್ನ ಕಥೆ ಮನಸ್ಸಿಗೆ ನಾಟಿದೆ ಎಂದುಕೊಂಡು ಒಳಗೊಳಗೇ ಉಬ್ಬಿದೆ.

"ಅತ್ತೆ," ಎಂದಳು. "ನಿಮ್ಮ ಉಪ್ಪಿನಕಾಯಿ ಭರಣಿ ಒಡೆದದ್ದು ಬೆಕ್ಕಲ್ಲ. ನಾನು. ಬೆಕ್ಕು ಅವತ್ತು ಕಿಟಕೀಲಿ ಇತ್ತು ಅಷ್ಟೆ."

ಗೊತ್ತಿತ್ತು ಕಣೇ ಎಂದು ಹೇಳಿಬಿಡೋಣವೇ ಅನ್ನಿಸಿತು. ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಗೊತ್ತಿರಲಿಲ್ಲ. ದೇವರಾಣೆ, ಬೆಕ್ಕೇ ಎಂದು ನಂಬಿದ್ದೆ. ಒಂದು ವರ್ಷದಿಂದ ಈ ಮನೆಯಲ್ಲಿ, ತಪ್ಪು ಮಾಡದ್ದನ್ನು ಬೈಯುತ್ತ, ಮಾವನ ಕುರ್ಚಿಯಲ್ಲಿ ಕೂತಿದ್ದವಳು ನಾನೇ.

ಎರಡು ತುಂಡನ್ನೂ ಒಟ್ಟಿಗೆ ಮಡಿಸಿ ಟ್ರಂಕಿಗೆ ಹಾಕಿದೆ. ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋಗಿ, ಬಟ್ಟಲು ಹುಡುಕಿ, ಹಾಲು ಬಗ್ಗಿಸಿಕೊಂಡು ಅಂಗಳಕ್ಕೆ ಬಂದೆ. ಬೆಕ್ಕು ಕಾಂಪೌಂಡಿನ ಮೇಲೆಯೇ ಇತ್ತು. ನನ್ನನ್ನು ಕಂಡ ತಕ್ಷಣ, ಬೈಗುಳಕ್ಕೂ ಕಾಯದೆ, ಆಚೆ ಹಾರಿಕೊಂಡಿತು. ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕೂತೆ. ಚೈತ್ರಳೂ ಬಂದು ಕೂತಳು. ಅದು ಬರುವವರೆಗೆ ಕಾಯೋಣ ಎಂದೆ.