ಖಲ್ಫಾನ್ ಬಾಬಾರ ಗಾಡಿಯ ಟಾಪು

ಟಾಪು ಇಳಿದಿತ್ತು. ಇಳಿಸಿದವನು ನಾನು. ಇಳಿದೇ ಇಲ್ಲವೆಂದು ಕಣ್ಣಿಲ್ಲದ ಒಬ್ಬ ಮುದುಕರಿಗೆ ಹೇಳಿದವನೂ ನಾನೇ. ಅವರು ಹೋದ ಮೇಲೆ ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಆಡಿಲ್ಲ— ಇಗರ್ಜಿಯಲ್ಲಿ ಪಾದ್ರಿಯವರೆದುರು ಮೊಣಕಾಲೂರಿದಾಗಲೂ ಬೇರೆ ಸಣ್ಣಪುಟ್ಟ ಪಾಪಗಳನ್ನು ಹೇಳಿ ಎದ್ದು ಬಂದಿದ್ದೇನೆ.

ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಒಮಾನಿನ ಅಲ್ ಖೌದಿನಲ್ಲಿ, ಗಾಡಿಗಳ ಬಾಡಿ ಕೆಲಸ ಮಾಡುವ ಒಂದು ಗ್ಯಾರೇಜಿನಲ್ಲಿ ನಾನು ಫೋರ್‌ಮನ್. ನಮ್ಮ ಬೀದಿಯ ಕೊನೆಯ ಮನೆ ಖಲ್ಫಾನ್ ಬಾಬಾರದು. ಹರೆಯದಲ್ಲಿ ಬೊಂಬಾಯಿಯಲ್ಲಿದ್ದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ತಿಂದುಹಾಕಿತ್ತು. ಅವರ ಬಳಿ ಒಂದು ಹಳೆಯ ಅಮೆರಿಕನ್ ಪಿಕಪ್ ಇತ್ತು. ಡಾಂಬರು ರಸ್ತೆ ಇಲ್ಲದ ಕಾಲದಲ್ಲಿ ಮರಳಿನ ಮೇಲೆ ದೂರದ ಸಲಾಲಾದವರೆಗೆ ಓಡಿಸಿದ ಗಾಡಿ. ಕಣ್ಣು ಹೋದ ಮೇಲೂ ದಿನಾ ಸಾಯಂಕಾಲ ಹೋಗಿ ಅದರೊಳಗೆ ಕೂರುತ್ತಿದ್ದರು. ಒಂದು ಮೊಣಕೈ ಕಿಟಕಿಯ ಮೇಲೆ, ಒಂದು ಕೈ ಸ್ಟಿಯರಿಂಗ್ ಮೇಲೆ. ಎಲ್ಲಿಗೂ ಹೋಗುವುದಿಲ್ಲ— ಸುಮ್ಮನೆ ಕೂತು ಎದ್ದು ಬರುವುದು.

ಮಗ ಹಿಲಾಲ್‌ಗೆ ಆ ಗಾಡಿಯ ಟಾಪು ಇಳಿಸುವ ಆಸೆ. ಕ್ಯಾಬಿನ್ನಿನ ಕಂಬಗಳನ್ನು ಕೊಯ್ದು, ನಾಲ್ಕು ಬೆರಳಿನಷ್ಟು ತುಂಡು ತೆಗೆದು, ಟಾಪನ್ನು ಕೆಳಗೆ ಕೂರಿಸಿ ಮತ್ತೆ ವೆಲ್ಡ್ ಮಾಡುವುದು. ಗಾಜುಗಳನ್ನೂ ಅಷ್ಟೇ ಕಿರಿದಾಗಿಸುವುದು. ಆಗ ಹಳೆಯ ಗಾಡಿಗೆ ಹುಬ್ಬು ಗಂಟಿಕ್ಕಿದಂಥ ಒಂದು ನೋಟ ಬರುತ್ತದೆ. "ಅಪ್ಪನಿಗೆ ಹೇಳಬೇಡ ಫೆಲಿಕ್ಸ್. ಸರ್ವಿಸಿಗೆ ಹೋಗಿದೆ ಅಂದಿದ್ದೇನೆ," ಎಂದ ಹಿಲಾಲ್. ನಾನು ಒಪ್ಪಿದೆ. ಅಂಥ ಕೆಲಸ ಮೊದಲ ಸಲ ನನ್ನ ಕೈಗೆ ಬಂದಿತ್ತು— ಆಸೆ ಅವನೊಬ್ಬನದೇ ಆಗಿರಲಿಲ್ಲ.

ಕೆಲಸ ಮುಗಿದ ಮೇಲೆ, ವೆಲ್ಡರ್ ರಾಘುವನ್ನು ಕೂರಿಸಿಕೊಂಡು ಗಾಡಿಯನ್ನು ನಾನೇ ಮನೆಗೆ ಒಯ್ದೆ. ಬಾಬಾ ಬಾಗಿಲು ತೆಗೆದು ಹತ್ತಿದರು. ಅವರ ಮುಂಡಾಸು ಟಾಪಿಗೆ ತಾಗಿ ಓರೆಯಾಯಿತು. ಅವರು ಅಲುಗಾಡಲಿಲ್ಲ. ಆಮೇಲೆ ಮೆಲ್ಲಗೆ ಅಂಗೈ ಎತ್ತಿ ಮೇಲೆ ಸವರಿದರು, ಕಿಟಕಿಯ ಮೇಲಂಚಿನುದ್ದಕ್ಕೂ ಬೆರಳಾಡಿಸಿದರು.

"ಛತ್ತು ಕೆಳಗೆ ಬಂದಿದೆ," ಎಂದರು ಹಿಂದಿಯಲ್ಲಿ. ಗಾಡಿಯ ಟಾಪಿಗೂ ಮನೆಯ ಮಾಡಿಗೂ ಅವರಿಗೆ ಅದೊಂದೇ ಮಾತು.

ಹಿಲಾಲ್ ಬಾಯಿ ತೆರೆದ. ನಿಜ ಹೇಳುವುದಕ್ಕೇ ತೆರೆದನೋ ಏನೋ— ನಾನು ಬಿಡಲಿಲ್ಲ. ಬಾಬಾ ಮೊದಲಿನಂತೆ ಮಾಡಿಕೊಡು ಅಂದುಬಿಟ್ಟರೆ? ನನ್ನ ಕೈಯ ಕೆಲಸ ಮತ್ತೆ ಕಬ್ಬಿಣ ಕೊಯ್ಯುವ ಗ್ರೈಂಡರಿನ ಬಾಯಿಗೆ ಹೋದರೆ?

"ಇಲ್ಲ ಬಾಬಾ. ಗಾಡಿ ಹೇಗಿತ್ತೋ ಹಾಗೇ ಇದೆ. ನಿಮಗೆ ಹಾಗನ್ನಿಸ್ತಿದೆ, ಅಷ್ಟೆ."

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, "ಹೌದಾ ಬೇಟಾ?" ಎಂದರು. ತಪ್ಪು ತಮ್ಮದೇ ಎಂಬಂತೆ, ಅಷ್ಟು ಮೆತ್ತಗೆ.

ಮರಳುವಾಗ ರಾಘು ಸುಮ್ಮನಿರಲಿಲ್ಲ. "ಎಂತಕ್ಕೆ ಹಾಗೆ ಹೇಳಿದ್ದು ಫೆಲಿಕ್ಸಣ್ಣ? ಅವರು ಕೈಯಲ್ಲಿ ಮುಟ್ಟಿ ನೋಡಿದ್ದಾರಲ್ಲ."

"ಖಲಾಸ್ ಮಾರಾಯ. ಮುಗೀತಲ್ಲ."

ಮುಗಿಯಲಿಲ್ಲ. ಸ್ವಲ್ಪ ದಿನಕ್ಕೆ ಬಾಬಾ ತಮ್ಮ ಮನೆಯ ಗೇಟಿನಡಿ ತಲೆಯ ಮೇಲೆ ಅಂಗೈ ಇಟ್ಟುಕೊಂಡು ಬಗ್ಗಿ ನಡೆಯುವುದನ್ನು ಕಂಡೆ— ಲಾರಿ ನುಗ್ಗುವಷ್ಟು ಎತ್ತರದ ಗೇಟು. ಆಮೇಲೆ ಮಸೀದಿಯ ಬಾಗಿಲಲ್ಲಿ. ಆಮೇಲೆ ಕಿರಾಣಿ ಅಂಗಡಿಯ ಮುಂದೆ. ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಲ್ಲಿ, ಬಟಾಬಯಲು ರಸ್ತೆಯಲ್ಲಿ ಸೊಂಟ ಮುರಿದವರಂತೆ ಬಾಗಿ ಬರುತ್ತಿದ್ದರು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಹಿಲಾಲ್ ವಾರವೆಲ್ಲ ಸೊಹಾರ್ ಪಟ್ಟಣದ ಕೆಲಸದಲ್ಲಿರುತ್ತಿದ್ದ. ಅವನಿಲ್ಲದ ಒಂದು ದಿನ ಬಾಬಾ ನನ್ನನ್ನು ಒಳಗೆ ಕರೆದು ಜಮಖಾನದ ಮೇಲೆ ಕೂರಿಸಿದರು. "ನೀನು ಅಳತೆ ಬಲ್ಲವನು. ಈ ಛತ್ತು ನೋಡು. ದಿನಾ ಸ್ವಲ್ಪ ಸ್ವಲ್ಪ ಇಳೀತಿದೆ. ಮನೆಯವರಿಗೆ ಗೊತ್ತಾಗ್ತಿಲ್ಲ."

ನೋಡಿದೆ. ಎತ್ತರದಲ್ಲೇ ಇತ್ತು. ಆದರೂ— ಯಾಕೋ— ಇನ್ನೊಮ್ಮೆ ನೋಡಿದೆ. "ಇಳಿದಿಲ್ಲ ಬಾಬಾ."

"ಗಾಡಿಯದೂ ಇಳಿದಿಲ್ಲ ಅಂದೆ. ಅದು ನನ್ನ ಕೈಗೆ ಸಿಕ್ಕಿತ್ತು. ಹಾಗಾದರೆ ನನ್ನ ಕೈಯೇ ನನಗೆ ಸುಳ್ಳು ಹೇಳ್ತಿದೆಯಾ?"

ಆಗಲೇ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿ, "ವಯಸ್ಸಾಯಿತಲ್ಲ ಬಾಬಾ," ಎಂದೆ. ಮೊದಲ ಸುಳ್ಳು ಗಡಿಬಿಡಿಯದು. ಇದು— ಯೋಚಿಸಿ ಹೇಳಿದ್ದು.

ಅಂದಿನಿಂದ ಅವರು ಮನೆಯೊಳಗೆ ಮಲಗುವುದನ್ನು ಬಿಟ್ಟರು. ಅಂಗಳದಲ್ಲಿ ಮಂಚ ಹಾಕಿಸಿಕೊಂಡರು. ಹಿಲಾಲ್ ಡಾಕ್ಟರುಗಳ ಬಳಿ ಅಲೆದ, ಟಾಪಿನ ಮಾತು ಮಾತ್ರ ಅವನೂ ಎತ್ತಲಿಲ್ಲ; ಮಾತ್ರೆಗಳು ಬಂದವು, ಬಾಬಾರ ಕೈ ನಡುಗಲು ತೊಡಗಿತು. ಪಿಕಪ್ಪನ್ನು ದುಬೈಯ ಯಾರಿಗೋ ಮಾರಿಬಿಟ್ಟೆನೆಂದು ಹಿಲಾಲ್ ಹೇಳಿದ ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚಳಿ ಶುರುವಾದ ಮೇಲೆ ಒಂದು ದಿನ ತಡೆಯಲಾರದೆ ಹೋದೆ. ಮಂಚದ ಪಕ್ಕ ಕೂತು ಎಲ್ಲ ಹೇಳಿದೆ— ಕಂಬ ಕೊಯ್ದದ್ದು, ತುಂಡು ತೆಗೆದದ್ದು, ನಿಮ್ಮ ಕೈ ಸರಿ, ಸುಳ್ಳು ನನ್ನದು ಎಂದು. ಅವರು ಪೂರ್ತಿ ಕೇಳಿದರು. ಆಮೇಲೆ ನಕ್ಕರು.

"ಹೀಗೆ ಹೇಳು ಅಂತ ಹಿಲಾಲ್ ಕಳಿಸಿದನಾ?"

ತಾಯಿಯ ಆಣೆ ಹಾಕಿದೆ. "ಮುದುಕನ ಸಮಾಧಾನಕ್ಕೆ ಆಣೆ ಹಾಕಬಾರದು ಬೇಟಾ," ಎಂದರು. ತೋರಿಸೋಣವೆಂದರೆ ಗಾಡಿ ಇರಲಿಲ್ಲ. ನನ್ನ ತೋಳು ಹಿಡಿದು ಗೇಟಿನವರೆಗೆ ಬಂದರು. ಅಲ್ಲಿ ಅವರ ಅಂಗೈ ತಡವುತ್ತಾ ಬಂದು ನನ್ನ ತಲೆಯ ಮೇಲೆ ಕೂತು ಮೆಲ್ಲಗೆ ಒತ್ತಿತು. "ಬಗ್ಗು. ಇಲ್ಲಿ ತುಂಬಾ ಇಳಿದಿದೆ."

ನಾನು ಬಗ್ಗಿದೆ. ದಾಟುವವರೆಗೂ ಅವರು ಕೈ ತೆಗೆಯಲಿಲ್ಲ.

ಬೇಸಿಗೆ ಬರುವ ಮೊದಲೇ ಬಾಬಾ ತೀರಿಕೊಂಡರು. ಸಂತಾಪ ಹೇಳಲು ಬಂದವರೆಲ್ಲ ಕೊನೆಗಾಲದಲ್ಲಿ ಅವರಿಗೆ ಬುದ್ಧಿಯ ಸ್ತಿಮಿತ ತಪ್ಪಿತ್ತು ಎಂದು ಮಾತಾಡಿಕೊಂಡರು. ಹಿಲಾಲ್ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲೇ ನಾನೂ ಖಹ್ವಾ ಕಾಫಿಯ ಪುಟ್ಟ ಬಟ್ಟಲು ಹಿಡಿದು ಕೂತಿದ್ದೆ. ಅವರ ಬುದ್ಧಿ ಸರಿಯಾಗಿತ್ತು, ತಪ್ಪಿಸಿದವನು ನಾನು— ಅಷ್ಟು ಜನರ ಮುಂದೆ ಅದೊಂದು ಮಾತು ಹೇಳಬಹುದಿತ್ತು.

ಬಟ್ಟಲು ಖಾಲಿ ಮಾಡಿ ಎದ್ದು ಬಂದೆ.