ವಾಷಿಂಗಿಗೆ ಬಿಟ್ಟ ಅಳತೆ

ನಮ್ಮ ರೊಳ್ಳದ ಕಡೆಯವರೆಲ್ಲ ದುಡಿಮೆ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ, ಅಲ್ಲಿ ರಸ್ತೆ ದಾಟುವುದು ಹೇಗೆಂಬ ಚಿಂತೆಗೇ ನಾನು ರಾಯದುರ್ಗದ ಬಸ್ಸು ಹತ್ತಿದೆ. ಮಡಕಶಿರಾದ ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುವುದು, ಬೆಸುಗೆ ಹಾಕುವುದು ಕಲಿತಿದ್ದೆ. ರಾಯದುರ್ಗದಲ್ಲಾಗ ಗಲ್ಲಿಗಲ್ಲಿಯಲ್ಲೂ ಜೀನ್ಸ್ ಹೊಲಿಗೆ. ಬಟ್ಟೆಯ ಬಂಡಲುಗಳು ಕಟಿಂಗಿನಿಂದ ಹೊಲಿಗೆಗೆ, ಹೊಲಿಗೆಯಿಂದ ವಾಷಿಂಗಿಗೆ ಸೈಕಲ್ಲಿನ ಮೇಲೆಯೇ ಓಡಾಡುತ್ತಿದ್ದವು. ಅಂಗಡಿಯಲ್ಲಿ ಸಿಗುವ ಕಂಪನಿ ಸೈಕಲ್ಲಿಗೆ ಅಷ್ಟು ಹೊರೆ ತಡೆಯುವ ತಾಕತ್ತಿರಲಿಲ್ಲ. ನಾನು ಹಳೆಯ ಫ್ರೇಮು ಕೊಯ್ದು, ಉದ್ದ ಮಾಡಿ, ಅಗಲದ ಕ್ಯಾರಿಯರ್ ಬೆಸೆದು, ನೂಲು ಚೈನಿಗೆ ಸುತ್ತಿಕೊಳ್ಳದ ಹಾಗೆ ತಗಡು ಮುಚ್ಚಿ ಕೊಡತೊಡಗಿದೆ. ಹೀಗೆ ಅಳತೆಗೆ ತಕ್ಕಂತೆ ಸೈಕಲ್ ಕಟ್ಟುವವನಾದೆ. ಕೊಟ್ಟು ಕಳಿಸಿದ ಪ್ರತಿ ಸೈಕಲ್ಲೂ ಯಾವುದೋ ಇಳಿಜಾರಿನಲ್ಲಿ ಎರಡು ತುಂಡಾಗಿ ಬಿದ್ದಂತೆ ಕಣ್ಣಿಗೆ ಕಟ್ಟುತ್ತಿತ್ತು. ಒಂದೂ ಬೀಳಲಿಲ್ಲ. ಹಾಗಾದರೆ ಬೀಳುವುದು ಇನ್ನೂ ಬಾಕಿ ಇದೆ ಎಂದು ಮತ್ತೆ ಚಿಂತೆ.

ಹೆಂಡತಿ ರಾಯದುರ್ಗದವಳೇ. ಜೀನ್ಸ್ ಯೂನಿಟ್ಟೊಂದರ ಕಟಿಂಗ್ ಟೇಬಲ್ಲಿನಲ್ಲಿ ಬಟ್ಟೆಗೆ ಗುರುತು ಹಾಕುವ ಕೆಲಸ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವಳ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿಯೇ ಉಳಿದಿತ್ತು. ಎಲ್ಲಿ ನೊಂದುಕೊಳ್ಳುತ್ತಾಳೋ ಎಂದು, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಆ ಕಾಲಿನ ಮಾತೇ ಎತ್ತಿರಲಿಲ್ಲ.

ಆ ಯೂನಿಟ್ಟು ಊರಾಚೆ ಗುಮ್ಮಘಟ್ಟದ ರಸ್ತೆಗೆ ಎದ್ದುಹೋಯಿತು. ಅವಳು ಒಂದು ಕಾಲೆತ್ತಿ ಇಡುವಷ್ಟರಲ್ಲಿ ಶೇರ್ ಆಟೋ ತುಂಬಿಬಿಡುತ್ತಿತ್ತು. ದಿನವೂ ತಡ. ಹೀಗೇ ಆದರೆ ಟೇಬಲ್ಲು ಬೇರೆಯವರಿಗೆ ಕೊಡುತ್ತೇನೆ, ನೀನು ಮನೆಯಲ್ಲೇ ಕೂತು ಹೊಲಿದ ಪ್ಯಾಂಟುಗಳಲ್ಲಿ ಜೋತುಬಿದ್ದ ನೂಲು ಕತ್ತರಿಸು ಎಂದ ಮೇಸ್ತ್ರಿ. ಅವಳಿಗೆ ಅದು ಸಾಯುವಷ್ಟು ಅವಮಾನ. ಎರಡು ಕಾಲೂ ಸಮ ಇದ್ದವರ ನಡುವೆ ನಿಂತೇ ಸಂಪಾದಿಸಿದ ಜಾಗ ಅದು.

“ನಾನೇ ಬಿಟ್ಟು ಬರ್ತೀನಿ ಬಿಡೆ,” ಎಂದೆ.

“ದಿನಾ ಹೊತ್ತು ಹಾಕಾಕ ನಾನೇನು ಬಂಡಲ್ಲೇನ್ರೀ? ಊರ ಮಂದಿಗೆಲ್ಲ ಕಟ್ತೀರಿ, ನನಗೊಂದು ಸೈಕಲ್ ಕಟ್ರಿ. ಸಣ್ಣಾಕಿದ್ದಾಗ ನಮ್ಮಣ್ಣನ ಸೈಕಲ್ ಒಂದಾ ಕಾಲಾಗ ತುಳಿದಾಕಿ ನಾನು.”

ಕಟ್ಟಲು ಕಾಲಿನ ಅಳತೆ ಬೇಕು. “ನೀನೇ ಅಳ್ಕೊಂಡು ಹೇಳು,” ಎಂದು ಹೊರಗೆ ಹೋಗಿ, ಕೈಯಲ್ಲೇ ಪಂಪು ಹಿಡಿದುಕೊಂಡು ಪಂಪು ಹುಡುಕಿದೆ. ಅವಳು ಒಳಗಿನಿಂದ ಎರಡೂ ಕಾಲಿನ ಉದ್ದ ಕೂಗಿ ಹೇಳಿದಳು. ಸೀರೆಗೆ ಅಡ್ಡ ಬರದಂತೆ ನಡುವಿನ ಕೊಳವೆ ತಗ್ಗಿಸಿದೆ. ಗಿಡ್ಡ ಕಾಲಿಗೆ ಎಷ್ಟು ಕಡಿಮೆಯೋ ಅಷ್ಟು ದಪ್ಪದ ಮರದ ತುಂಡನ್ನು ಎಡ ಪೆಡಲಿಗೆ ಕೂರಿಸಿದೆ. ಜೀನ್ಸಿನದೇ ನೀಲಿ ಬಣ್ಣ ಹೊಡೆದೆ.

ಗೋಡೆ ಹಿಡಿದು ಹತ್ತಿ ಕೂತಳು. ಪೆಡಲು ಕೆಳಗಿಳಿದಾಗ ಯಾವ ಕಾಲಿಗೂ ಅದು ಎಟುಕಲಿಲ್ಲ. ಸೀಟು ಆಗಲೇ ಇಳಿಯುವಷ್ಟೂ ಇಳಿದಿತ್ತು. ನನಗೆ ನನ್ನ ಲೆಕ್ಕ, ನನ್ನ ಗರಗಸ, ನನ್ನ ಮಡಕಶಿರಾದ ಗುರು ಎಲ್ಲರ ಮೇಲೂ ಅನುಮಾನ ಬಂತು.

“ಯಾಕ್ರೀ, ಬಲಗಾಲೂ ಗಿಡ್ಡಾತೇನು?” ಎಂದಳು. ನಕ್ಕಳು, ಆದರೆ ದನಿ ನಗುತ್ತಿರಲಿಲ್ಲ. ಕಾಲುಗಳನ್ನೇ ನೋಡುತ್ತ ಕೂತವಳು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡಳು.

“ಅಯ್ಯ ನನ್ನ ಬುದ್ಧೀನಾ! ವಾಷಿಂಗಿಗೆ ಬಿಟ್ಟು ಹೇಳೀನಲ್ರೀ!”

ಜೀನ್ಸ್ ಬಟ್ಟೆ ವಾಷಿಂಗಿನಲ್ಲಿ ಕುಗ್ಗುತ್ತದೆ. ಅದಕ್ಕೇ ಕಟಿಂಗ್ ಟೇಬಲ್ಲಿನವರು ಬೇಕಾದ ಉದ್ದಕ್ಕಿಂತ ಒಂದಿಷ್ಟು ಸೇರಿಸಿಯೇ ಗುರುತು ಹಾಕುತ್ತಾರೆ. ಟೇಪು ಹಿಡಿದ ಕೂಡಲೇ ಇವಳ ಬಾಯಿ ರೂಢಿಯಂತೆ ತನ್ನ ಕಾಲಿಗೂ ಸೇರಿಸಿತ್ತು. ಪುಣ್ಯಕ್ಕೆ ಎರಡಕ್ಕೂ ಸಮನಾಗಿ. ಮರದ ತುಂಡು ಬದಲಿಸಬೇಕಾಗಿರಲಿಲ್ಲ.

“ಈಗೇನು ಮಾಡಾದು ಕಣೆ?” ಎಂದೆ.

“ನಿಮ್ಮ ಸೈಕಲ್ಲನ್ನಾ ವಾಷಿಂಗಿಗೆ ಹಾಕ್ರಿ. ಕುಗ್ಗತೈತಿ.”

ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ನನಗೆ ಕೊಟ್ಟಳು. “ಈ ಸಲ ನೀವಾ ಅಳೀರಿ.”

ಕೈಯ ಮಸಿ ಒರೆಸಿಕೊಂಡೆ. ಹೋಗಲಿಲ್ಲವೆಂದು ಮತ್ತೆ ಒರೆಸಿಕೊಂಡೆ. ಮಂಡಿಯೂರಿ, ಅವಳ ಎಡ ಹಿಮ್ಮಡಿಗೆ ತಾಗದ ಹಾಗೆ ಟೇಪು ಹಿಡಿದೆ.

“ಮುಟ್ರಿ, ಕಚ್ಚಂಗಿಲ್ಲ ಅದು,” ಎಂದಳು ಮೇಲಿನಿಂದ, ಮೆಲ್ಲಗೆ.

ಫ್ರೇಮು ಕೊಯ್ದು ಮತ್ತೆ ಬೆಸೆದೆ. ಅಂಗಡಿಯ ಮುಂದಿನ ಬಯಲಲ್ಲಿ ಬಿದ್ದು ಎದ್ದು, ನನ್ನನ್ನು ಬೈದು, ರೂಢಿ ಮಾಡಿಕೊಂಡಳು. ಯೂನಿಟ್ಟಿಗೆ ಹೊರಟ ಮೊದಲ ಬೆಳಿಗ್ಗೆ, ಹಿಂದೆ ಬರಬೇಡಿ ಎಂದು ಹೇಳಿಯೇ ಹೋದಳು. ನಾನು ನನ್ನ ಸೈಕಲ್ಲು ಹತ್ತಿ ಹಿಂದೆಯೇ ಹೋದೆ, ಅವಳ ಕಣ್ಣಿಗೆ ಬೀಳದಂತೆ, ಒಂದಿಷ್ಟು ಅಂತರ ಬಿಟ್ಟು. ಗುಮ್ಮಘಟ್ಟದ ರಸ್ತೆಯ ಏರು ಬಂತು. ಅವಳು ಬಾಗಿ ತುಳಿಯುತ್ತಿದ್ದಳು. ಬೆಸುಗೆ ಬಿಟ್ಟರೆ, ಸೆರಗು ಸಿಕ್ಕಿದರೆ, ಲಾರಿ ಬಂದರೆ ಎಂದೆಲ್ಲ ಎಣಿಸುತ್ತಿದ್ದಂತೆ ಕಟಕ್ಕನೆ ಕಳಚಿದ್ದು ನನ್ನದೇ ಚೈನು. ಊರಿಗೆಲ್ಲ ಸೈಕಲ್ ಕಟ್ಟುವವನು ತನ್ನದಕ್ಕೆ ಎಣ್ಣೆ ಬಿಟ್ಟು ಎಷ್ಟು ಕಾಲವಾಗಿತ್ತೋ. ಕೂತು ಚೈನು ಎಳೆದು ತಲೆಯೆತ್ತುವಷ್ಟರಲ್ಲಿ ನೀಲಿ ಸೈಕಲ್ಲು ಏರು ದಾಟಿ ಮರೆಯಾಗಿತ್ತು.

ಸಂಜೆ ಬಂದವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಕೇಳಿದಳು: “ಚೈನು ಕೂತಿತೇನ್ರೀ?”

“ನಿಂಗೆ ಕೇಳಿಸ್ತಾ?”

“ಕೇಳಿಸ್ತು. ನಿಂತಿದ್ರ ಏರಿನ್ಯಾಗ ಮತ್ತ ಹತ್ತಾಕ ಆಗ್ತಿದ್ದಿಲ್ಲ. ಅದಕ್ಕ ನಿಲ್ಲಲಿಲ್ಲ.” ಒಳಗೆ ಹೋಗುತ್ತ, “ಟೇಬಲ್ಲು ನನ್ನದಾ ಐತಿ,” ಎಂದಳು.

ನಾನು ಎಣ್ಣೆಯ ಡಬ್ಬಿ ಹುಡುಕತೊಡಗಿದೆ. ಈ ಸಲ ಅದು ನಿಜವಾಗಿಯೂ ಕೈಯಲ್ಲಿರಲಿಲ್ಲ.